ಸ್ಕಾಲರ್‌ಶಿಪ್ ಜಮಾ ಆಗಿದೆ ಅಂತಾರೆ, ಪಾಸ್‌ಬುಕ್‌ನಲ್ಲಿ ಇಲ್ಲ: ಬ್ಯಾಂಕ್ ಅಧಿಕಾರಿಗೆ ಕೇಳಿ

ಪ್ರಶ್ನೆ (ಒಬ್ಬ ತಂದೆ, ಸೇಡಂ ತಾಲೂಕು):
ನಮಸ್ಕಾರ ಸರ್. ನನ್ನ ಮಗಳು ಕಲಬುರಗಿಯಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾಳೆ. ರಾಜ್ಯ ಸರಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಣ ಜಮಾ ಆಗಿದೆ ಅಂತ ತೋರಿಸುತ್ತದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಒಂದು ರೂಪಾಯಿಯೂ ಇಲ್ಲ. ಬ್ಯಾಂಕಿಗೆ ಮೂರು ಸಲ ಹೋದೆ. "ಆಧಾರ್ ಲಿಂಕ್ ಇದೆ, ನಮ್ಮ ಕಡೆ ತೊಂದರೆ ಇಲ್ಲ" ಅಂತ ಕಳಿಸುತ್ತಾರೆ. ಕಾಲೇಜಿನವರು ಬ್ಯಾಂಕಿಗೇ ಹೋಗಿ ಅಂತಾರೆ. ಈಗ ತೊಗರಿ ರಾಶಿ ಸಮಯ. ಒಂದು ಸಲ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ರೊಕ್ಕ ಎಲ್ಲಿ ಹೋಯಿತು ಸರ್?

ಉತ್ತರ (ಬ್ಯಾಂಕ್ ಅಧಿಕಾರಿ, ಯಾದಗಿರಿ):
ಅಣ್ಣಾ, ಮೊದಲು ಧೈರ್ಯ ತಗೊಳ್ಳಿ. ಪೋರ್ಟಲ್‌ನಲ್ಲಿ ಜಮಾ ಅಂತ ಬಂದಿದ್ದರೆ ರೊಕ್ಕ ಎಲ್ಲೋ ಒಂದು ಕಡೆ ಇಳಿದಿದೆ. ಹೆಚ್ಚಿನ ಸಲ ಅದು ಮಗಳ ಹೆಸರಿನಲ್ಲೇ ಇರುವ ಇನ್ನೊಂದು ಖಾತೆಯಲ್ಲಿ ಇರುತ್ತದೆ. ಹದಿನೆಂಟು ವರ್ಷ ಹಳ್ಳಿ ಶಾಖೆಗಳಲ್ಲಿ ಕೆಲಸ ಮಾಡಿದ್ದೇನೆ. ಇಂಥ ಪ್ರಕರಣ ಪ್ರತಿ ವರ್ಷ ನೋಡುತ್ತೇನೆ.

"ಲಿಂಕ್ ಇದೆ" ಅನ್ನೋ ಮಾತಿಗೆ ಎರಡು ಅರ್ಥ ಇದೆ. ಕೌಂಟರಿನಲ್ಲಿ ಒಂದು ಹೇಳುತ್ತಾರೆ, ನಿಮಗೆ ಬೇಕಾಗಿರೋದು ಇನ್ನೊಂದು. ಎಲ್ಲ ಗೊಂದಲ ಅಲ್ಲೇ ಹುಟ್ಟುತ್ತದೆ.

ಮೊದಲನೆಯದು, ನಿಮ್ಮ ಶಾಖೆಯ ಕಂಪ್ಯೂಟರಿನಲ್ಲಿ ಮಗಳ ಖಾತೆಗೆ ಆಧಾರ್ ನಂಬರ್ ಸೇರಿಸಿರೋದು. ಅದು ಕೆವೈಸಿಗೆ, ಅಂದರೆ ಖಾತೆದಾರರು ಯಾರು ಅಂತ ಬ್ಯಾಂಕು ಗುರುತು ಹಿಡಿಯೋದಕ್ಕೆ ಸಾಕು. ಎರಡನೆಯದು ಎನ್‌ಪಿಸಿಐ ಮ್ಯಾಪಿಂಗ್. ಎನ್‌ಪಿಸಿಐ ಅಂದರೆ ಇಡೀ ದೇಶದ ಬ್ಯಾಂಕುಗಳ ನಡುವೆ ಹಣ ದಾಟಿಸುವ ಸಂಸ್ಥೆ. ಈ ಆಧಾರಿನ ಸರಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅಂತ ಅವರ ಹತ್ತಿರ ಒಂದು ಪಟ್ಟಿ ಇದೆ. ಒಂದು ಆಧಾರಿಗೆ ಒಂದೇ ಬ್ಯಾಂಕು. ಕೊನೆಗೆ ಯಾವ ಬ್ಯಾಂಕು ಹೆಸರು ಸೇರಿಸುತ್ತದೋ ಅದೇ ಉಳಿಯುತ್ತದೆ, ಹಿಂದಿನದು ತಾನಾಗಿ ಬಿಟ್ಟುಹೋಗುತ್ತದೆ. ಸರಕಾರ ಆಧಾರ್ ಮೇಲೆ ಹಣ ಹಾಕುವಾಗ ನೋಡೋದು ಈ ಪಟ್ಟಿಯನ್ನು ಮಾತ್ರ. ನೀವು ಅರ್ಜಿ ಜೊತೆ ಕೊಟ್ಟ ಪಾಸ್‌ಬುಕ್ ಝೆರಾಕ್ಸ್ ಅಲ್ಲಿ ಲೆಕ್ಕಕ್ಕೇ ಬರೋದಿಲ್ಲ.

ಈಗ ನೆನಪು ಮಾಡಿಕೊಳ್ಳಿ. ಮಗಳು ಕಲಬುರಗಿಗೆ ಹೋದ ಮೇಲೆ ಹಾಸ್ಟೆಲ್ ಹತ್ತಿರ ಹೊಸ ಖಾತೆ ತೆರೆದಳಾ? ಸಿಮ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಮೊಬೈಲ್ ಖಾತೆ ಏನಾದರೂ ಮಾಡಿಸಿದಳಾ? ಫಾರಂನಲ್ಲಿ "ಸರಕಾರದ ಸಹಾಯಧನ ಈ ಖಾತೆಗೇ ಬರಲಿ" ಅಂತ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಅಲ್ಲಿ ಟಿಕ್ ಬಿದ್ದರೆ ದಾರಿ ಬದಲಾಯಿತು.

ನೋಡೋದು ಹೀಗೆ. ಮಗಳ ಮೊಬೈಲಿನಲ್ಲೇ ಮೈಆಧಾರ್ ವೆಬ್‌ಸೈಟ್ ತೆಗೆದು ಆಧಾರ್ ನಂಬರ್, ಒಟಿಪಿ ಹಾಕಿ ಒಳಗೆ ಹೋಗಲಿ. "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಅಂತ ಒಂದು ಕಡೆ ಇದೆ. ಒತ್ತಿದರೆ ಬ್ಯಾಂಕಿನ ಹೆಸರು, ಅದು ಚಾಲ್ತಿಯಲ್ಲಿದೆಯಾ ಇಲ್ಲವಾ, ಎಲ್ಲ ಬರುತ್ತದೆ. ಐದು ನಿಮಿಷದ ಕೆಲಸ. ಇದಕ್ಕೆ ನೀವು ಹೊಲ ಬಿಟ್ಟು ಬರಬೇಕಿಲ್ಲ. ಒಂದು ವಿಷಯ ನೆನಪಿರಲಿ: ಅಲ್ಲಿ ಬ್ಯಾಂಕಿನ ಹೆಸರಷ್ಟೇ ಬರುತ್ತದೆ, ಖಾತೆ ನಂಬರ್ ಬರೋದಿಲ್ಲ. ಹಾಗಾಗಿ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಎರಡನ್ನೂ ನೋಡಬೇಕು.

ಇನ್ನೊಂದು ಕಾರಣವೂ ಇರಬಹುದು. ಶಾಲೆಯಲ್ಲಿದ್ದಾಗ ತೆರೆದ ಖಾತೆ ಅಪ್ರಾಪ್ತರ ಖಾತೆ ಆಗಿರುತ್ತದೆ. ಹದಿನೆಂಟು ತುಂಬಿದ ಮೇಲೆ ಹೊಸದಾಗಿ ಕೆವೈಸಿ, ಹೊಸ ಸಹಿ ಕೊಡಬೇಕು. ಕೊಡದಿದ್ದರೆ ಖಾತೆ ಅರ್ಧಕ್ಕೆ ನಿಲ್ಲುತ್ತದೆ. ಅದನ್ನು ಮನೆಗೆ ಬಂದು ಯಾರೂ ಹೇಳೋದಿಲ್ಲ. ಇದು ನನಗೆ ಬಹಳ ಬೇಜಾರಿನ ವಿಷಯ. ಓದುವ ಮಕ್ಕಳ ಖಾತೆ ಎರಡು ವರ್ಷ ವಹಿವಾಟು ಇಲ್ಲ ಅಂತ ಸುಮ್ನೆ ಬಂದ್ ಆಗಬಾರದು. 2024ರ ಏಪ್ರಿಲ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಸ್ಕಾಲರ್‌ಶಿಪ್ ಮತ್ತು ಸರಕಾರಿ ಯೋಜನೆಗೆ ಅಂತ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಹಾಗೆ ಬಂದ್ ಆಗದಂತೆ ಬೇರೆಯಾಗಿ ಗುರುತಿಸಿ ಇಡಬೇಕು ಅಂತಲೇ ಇದೆ. ಕೌಂಟರಿನಲ್ಲಿ ಈ ಮಾತು ಧೈರ್ಯವಾಗಿ ಹೇಳಿ.

ಪ್ರಶ್ನೆ (ಭಾಲ್ಕಿ):
ಸರ್, ನಮ್ಮ ಖಾತೆ ಮೊದಲು ಎಸ್‌ಬಿಎಚ್‌ನಲ್ಲಿ ಇತ್ತು. ಹಳೆ ಪಾಸ್‌ಬುಕ್ಕೇ ಇದೆ. ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ತಪ್ಪು ಅಂತ ತಮ್ಮನ ಕಾಲೇಜಿನಲ್ಲಿ ಹೇಳುತ್ತಾರೆ.

ಉತ್ತರ:
ಹೌದು ತಮ್ಮಾ, ಅವರು ಹೇಳಿದ್ದು ಸರಿ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ಕ್ಕೆ ಎಸ್‌ಬಿಐನಲ್ಲಿ ಸೇರಿತು. ನಮ್ಮ ಕಡೆ ಹಿರಿಯರು ಇವತ್ತಿಗೂ "ಎಸ್‌ಬಿಎಚ್‌ಗೆ ಹೋಗಿ ಬರ್ತೀನಿ" ಅಂತಾರೆ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಹೋಗಿ ಕೆನರಾ ಆಯಿತು, ಕಾರ್ಪೊರೇಷನ್ ಮತ್ತು ಆಂಧ್ರ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾಗಿ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಒಂದೇ ಬ್ಯಾಂಕು ಆಗಿದೆ. ಆಧಾರ್ ಮೇಲೆ ಬರುವ ಹಣಕ್ಕೆ ಕೋಡ್ ಬೇಕಾಗೋದಿಲ್ಲ. ಖಾತೆ ನಂಬರ್ ಮೇಲೆ ಬರುವ ಹಣಕ್ಕೆ ಬೇಕೇ ಬೇಕು. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿ, ಅದರ ಮೊದಲ ಪುಟ ಕಾಲೇಜಿಗೆ ಕೊಡಿ.

ಪ್ರಶ್ನೆ (ಚಿಂಚೋಳಿ ಹತ್ತಿರದ ತಾಂಡಾ):
ಅಣ್ಣಾ, ನಮ್ಮ ಆಯಿಯ ಪಿಂಚಣಿ ತೆಗೆಯಲು ಹೋದರೆ ಮಷೀನಿನಲ್ಲಿ ಹೆಬ್ಬೆಟ್ಟು ಬರೋದಿಲ್ಲ. ಜೀವನವೆಲ್ಲ ಕೂಲಿ ಮಾಡಿದ ಕೈ. ಹೆಬ್ಬೆಟ್ಟು ಬಂದ ದಿನ ಏಜೆಂಟ್ 50 ರೂಪಾಯಿ ಹಿಡಿದುಕೊಂಡು ಕೊಡುತ್ತಾನೆ. ಹಿಂದಿನ ತಿಂಗಳು ಖಾತೆಯಲ್ಲಿ ಕಟ್ ಆಯಿತು, ಕೈಗೆ ರೊಕ್ಕ ಬರಲೇ ಇಲ್ಲ. "ಸರ್ವರ್ ಇಲ್ಲ" ಅಂದ.

ಉತ್ತರ:
ಇದನ್ನು ಓದಿ ಮನಸ್ಸಿಗೆ ಬಹಳ ನೋವಾಯಿತು. ಒಂದೊಂದಾಗಿ ಹೇಳುತ್ತೇನೆ.

50 ರೂಪಾಯಿ ಹಿಡಿಯುವ ಹಕ್ಕು ಅವನಿಗೆ ಇಲ್ಲ. ಇಂಥ ಏಜೆಂಟರಿಗೆ ಬ್ಯಾಂಕ್ ಮಿತ್ರ ಅಂತಾರೆ, ಅವರಿಗೆ ಕಮಿಷನ್ ಕೊಡೋದು ಬ್ಯಾಂಕು. ಅವರು ಗ್ರಾಹಕರಿಂದ ನೇರವಾಗಿ ದುಡ್ಡು ತಗೋಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಶಾಖೆಯ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿನಲ್ಲಿ ಬೇಡ.

ಕಟ್ ಆಗಿ ಕೈಗೆ ಬಾರದ ಹಣ ವಾಪಸ್ ಬರಲೇಬೇಕು. ವಹಿವಾಟು ಆದ 5 ದಿನದೊಳಗೆ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2019ರಿಂದ ಈ ನಿಯಮ ಇದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ತಾರೀಖಿಗೆ ಗುರುತು ಹಾಕಿ ಶಾಖೆಗೆ ಒಯ್ಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಹೆಬ್ಬೆಟ್ಟಿಗೆ: ಕೈ ಬಿಸಿ ನೀರಿನಲ್ಲಿ ತೊಳೆದು ಒರೆಸಿ. ಹೆಬ್ಬೆಟ್ಟೇ ಆಗಬೇಕು ಅಂತ ಇಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ನಡೆಯುತ್ತದೆ. ಉಂಗುರದ ಬೆರಳು ಕಡಿಮೆ ಸವೆದಿರಬಹುದು. ಅದೂ ಆಗದಿದ್ದರೆ ಮುಖ ತೋರಿಸಿ ಗುರುತು ಹಿಡಿಸುವ ವ್ಯವಸ್ಥೆ ಈಗ ಬಂದಿದೆ, ಕೇಳಿ ನೋಡಿ. ಇದ್ಯಾವುದೂ ಬೇಡ ಅಂದರೆ ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ ಸ್ಲಿಪ್ ಬರೆದು ತೆಗೆಯಬಹುದು. ಮಷೀನು ಒಪ್ಪಲಿಲ್ಲ ಅಂತ ಖಾತೆದಾರರಿಗೆ ಅವರ ರೊಕ್ಕ ನಿರಾಕರಿಸೋಕೆ ಬರೋದಿಲ್ಲ. ಆಯಿಗೆ 70 ದಾಟಿದೆಯಾ? ಹಾಗಿದ್ದರೆ ಮನೆಬಾಗಿಲಿಗೆ ಸೇವೆ ಕೊಡಬೇಕು ಅಂತ 2017ರಲ್ಲೇ ಬ್ಯಾಂಕುಗಳಿಗೆ ಸೂಚನೆ ಹೋಗಿದೆ.

ಪ್ರಶ್ನೆ (ಅದೇ ತಾಂಡಾ):
ಆಯಿಯ ಆಧಾರಿಗೆ ಇರುವ ಮೊಬೈಲ್ ನಂಬರ್ ನಮ್ಮ ಕಾಕಾನದು. ಅವರು ಪುಣೆಗೆ ಕೆಲಸಕ್ಕೆ ಹೋಗಿ ಸಿಮ್ ಬದಲಿಸಿದ್ದಾರೆ. ಒಟಿಪಿ ಬರೋದಿಲ್ಲ.

ಉತ್ತರ:
ಗುಳೆ ಹೋಗುವ ಮನೆಗಳಲ್ಲೆಲ್ಲ ಇದೇ ಕತೆ. ನಿಮ್ಮ ಊರಿಗೆ ಬರುವ ಪೋಸ್ಟ್‌ಮ್ಯಾನ್‌ನ ಕೇಳಿ. ಆಧಾರಿನ ಮೊಬೈಲ್ ನಂಬರ್ ಬದಲಿಸುವ ಕೆಲಸ 2021ರಿಂದ ಅಂಚೆಯವರ ಕೈಯಲ್ಲೂ ಇದೆ. ಮನೆಯಲ್ಲೇ ಇರುವವರ ನಂಬರ್ ಹಾಕಿಸಿ.

ಪ್ರಶ್ನೆ (ಶಹಾಪುರ):
ಬೇರೆ ಯಾರೋ ನಮ್ಮ ಹೆಬ್ಬೆಟ್ಟು ನಕಲು ಮಾಡಿ ರೊಕ್ಕ ತೆಗೆಯುತ್ತಾರೆ ಅಂತ ಕೇಳಿದ್ದೇನೆ. ನಿಜವಾ?

ಉತ್ತರ:
ನಿಜ ಅಕ್ಕಾ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿನ ಬೆರಳ ಗುರುತು ನಕಲು ಮಾಡಿ ಹಣ ತೆಗೆದ ಪ್ರಕರಣಗಳು ಬಯಲಾದವು. ಹೆದರಿ ಖಾತೆ ಬಿಡಬೇಡಿ. ಆಧಾರಿನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳ ಗುರುತಿಗೆ ಬೀಗ, ಹಾಕಿ ಇಡಿ. ಹಣ ತೆಗೆಯುವ ದಿನ ತೆರೆದು, ಮತ್ತೆ ಲಾಕ್ ಮಾಡಿ. ನಿಮಗೆ ಗೊತ್ತಿಲ್ಲದೆ ಹಣ ಹೋದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳೋದಿಲ್ಲ. ತಡ ಮಾಡಿದಷ್ಟೂ ನಿಮ್ಮ ಪಾಲು ಜಾಸ್ತಿ ಆಗುತ್ತದೆ.

ಪ್ರಶ್ನೆ (ಪಿಯು ಉಪನ್ಯಾಸಕಿ, ಆಳಂದ):
ನಮ್ಮ ಕಾಲೇಜಿನಲ್ಲಿ ಅರ್ಜಿ ತಿರಸ್ಕಾರ ಆಗೋದು ಹೆಸರಿನಿಂದ. ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಒಂದು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು.

ಉತ್ತರ:
ಮೇಡಂ, ಈ ಮಾತು ಎತ್ತಿದ್ದಕ್ಕೆ ಧನ್ಯವಾದ. ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರು ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಇವೆ. ಶರಣಪ್ಪ, ಶೇಖ್ ಇಂಥ ಹೆಸರುಗಳನ್ನೇ ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರೆ. ಮನುಷ್ಯ ಓದಿದರೆ ಒಬ್ಬರೇ ಅಂತ ತಿಳಿಯುತ್ತದೆ, ಕಂಪ್ಯೂಟರಿಗೆ ಇಬ್ಬರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಬುಡ ಅಂತ ಇಟ್ಟುಕೊಳ್ಳಿ. ಅದನ್ನು ತಿದ್ದಿಸೋದು ಕಷ್ಟ, ಆಧಾರ್ ತಿದ್ದಿಸೋದು ಸುಲಭ. ಆದರೆ ಆಧಾರಿನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ. ಸುಮ್ನೆ ಖರ್ಚು ಮಾಡಬೇಡಿ. ಡಿಗ್ರಿ ಓದುವಾಗಲೇ ಮದುವೆಯಾದ ಹೆಣ್ಣುಮಕ್ಕಳು ಗಂಡನ ಹೆಸರು ಸೇರಿಸಿಕೊಂಡು ಬಿಡುತ್ತಾರೆ, ಆಮೇಲೆ ಸ್ಕಾಲರ್‌ಶಿಪ್ ನಿಲ್ಲುತ್ತದೆ. ಓದು ಮುಗಿಯುವವರೆಗೆ ತಡೆಯಿರಿ ಅಂತ ನಿಮ್ಮ ತರಗತಿಯಲ್ಲಿ ಹೇಳಿ ಮೇಡಂ.

15 ವರ್ಷಕ್ಕೆ ಬೆರಳಿನ ಗುರುತು ಮತ್ತೆ ಕೊಡಬೇಕು ಅನ್ನೋದನ್ನೂ ಹೇಳಿ. ಚಿಕ್ಕಂದಿನ ಗುರುತು ಹಾಗೇ ಬಿಟ್ಟ ಮಕ್ಕಳದು ಪಿಯುಗೆ ಬರುವಾಗ ಕೈಕೊಡುತ್ತದೆ.

ಪ್ರಶ್ನೆ (ಬೀದರ್):
ಇಷ್ಟೆಲ್ಲ ತೊಂದರೆ ಇದ್ದರೆ ಹಳೆಯ ಕಾಗದದ ವ್ಯವಸ್ಥೆಯೇ ಚೆನ್ನಾಗಿತ್ತು ಅಲ್ವಾ ಸರ್?

ಉತ್ತರ:
ಇಲ್ಲ ಸರ್. ನನಗೆ ಆ ದಿನಗಳು ನೆನಪಿವೆ. ಒಂದು ಪಹಣಿಗಾಗಿ ನಮ್ಮ ಅಪ್ಪ ಎಂಟು ದಿನ ಅದನ್ನು ಬರೆದುಕೊಡುವವರ ಮನೆ ಮುಂದೆ ಕೂತಿದ್ದರು. ಪುಸ್ತಕ ಅವರ ಮನೆಯಲ್ಲೇ ಇರುತ್ತಿತ್ತು. ಅದರಲ್ಲಿ ಏನು ಬರೆದಿದೆ ಅಂತ ಅಪ್ಪನಿಗೆ ಯಾರೂ ತೋರಿಸಲಿಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಕೈಗೆ ಸಿಗುತ್ತಿತ್ತು. ಅಪ್ಪ ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ತಂದಿದ್ದು ನಾನು ನೋಡಿದ್ದೇನೆ.

ಸರಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅಂತ ಮಾಡಿದ ಸಕಾಲ ಯೋಜನೆ ನೋಡಿ. 2012ರ ಮಾರ್ಚ್‌ನಲ್ಲಿ ಪ್ರಯೋಗಕ್ಕೆ ಆರಿಸಿದ ನಾಲ್ಕು ತಾಲೂಕುಗಳಲ್ಲಿ ನಿಮ್ಮ ಔರಾದ್ ಒಂದು. ಅರ್ಜಿ ಕೊಟ್ಟರೆ 15 ಅಂಕಿಯ ನಂಬರ್ ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ರೊಕ್ಕ ಸಣ್ಣದು, ಆದರೆ ನಿಮ್ಮ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅನ್ನೋದು ದಾಖಲೆಯಲ್ಲಿ ಉಳಿಯುತ್ತದೆ. ಕಾಗದದ ಕಾಲದಲ್ಲಿ ಅದು ಇರಲಿಲ್ಲ. ಈಗ ಕೊರತೆ ಇರೋದು ಕೌಂಟರಿನಲ್ಲಿ. ಕೂತು ಬಿಡಿಸಿ ಹೇಳುವ ಒಬ್ಬ ಮನುಷ್ಯ ಬೇಕು. ಶಾಖೆಯಲ್ಲಿ ನಾಲ್ಕು ಜನರ ಕೆಲಸ ಇಬ್ಬರು ಮಾಡುವಾಗ "ಲಿಂಕ್ ಇದೆ, ಹೋಗಿ" ಅನ್ನೋದೇ ಸುಲಭದ ಉತ್ತರ ಆಗುತ್ತದೆ. ನಾನೂ ಹಾಗೆ ಹೇಳಿ ಕಳಿಸಿದ ದಿನಗಳಿವೆ. ಆ ಜನರ ಮುಖ ಇನ್ನೂ ನೆನಪಿದೆ.

ಮೊದಲು ಕೇಳಿದ ತಂದೆ (ಸೇಡಂ ತಾಲೂಕು):
ಸರ್, ಮಗಳು ರಾತ್ರಿ ಮೊಬೈಲಿನಲ್ಲಿ ನೋಡಿದಳು. ಬೇರೆ ಬ್ಯಾಂಕಿನ ಹೆಸರು ಬಂತು. ಹಾಸ್ಟೆಲ್‌ಗೆ ಸೇರಿದ ವಾರ ಕ್ಯಾಂಪಸ್ ಹತ್ತಿರ ಖಾತೆ ತೆರೆದಿದ್ದಳಂತೆ. ಎಟಿಎಂ ಕಾರ್ಡ್ ಟ್ರಂಕಿನಲ್ಲೇ ಇತ್ತು. ಈಗ ಊರಿನ ಖಾತೆಗೇ ಬದಲಿಸಬೇಕಾ?

ಉತ್ತರ:
ಬಹಳ ಸಂತೋಷ ಆಯಿತು ಅಣ್ಣಾ. ಬದಲಿಸಬೇಡಿ. ಅವಳು ಇರೋದು ಕಲಬುರಗಿಯಲ್ಲಿ, ಖಾತೆಯೂ ಅಲ್ಲೇ ಇರಲಿ. ಸೋಮವಾರ ಅವಳೇ ಆಧಾರ್, ಕಾಲೇಜಿನ ಐಡಿ, ಒಂದು ಫೋಟೊ ತಗೊಂಡು ಆ ಶಾಖೆಗೆ ಹೋಗಲಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಕೆವೈಸಿ ಬಾಕಿ ಇದೆಯಾ ಅಂತ ಕೇಳಲಿ. ನೀವು ರಾಶಿ ಮುಗಿಸಿ.