ತಮ್ಮನಿಗೆ ಶಹಬ್ಬಾಸ್ ಅಂದರೂ ತಟ್ಟುವುದಿಲ್ಲ, ಯಾಕೆ?

ಕಲಬುರಗಿ ಅಕ್ಕ:
ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ. ಮಾತ್ರೆ ತಪ್ಪಿಸುವುದಿಲ್ಲ, ಯಾರೂ ಇಲ್ಲದಾಗಲೂ ಕಿವಿಯಲ್ಲಿ ದನಿ ಕೇಳುತ್ತಿದ್ದುದು ನಿಂತಿದೆ. ಸೂಪರ್ ಮಾರ್ಕೆಟ್ ಕಡೆ ಮಾವನ ಬೇಳೆ ಅಂಗಡಿಯಲ್ಲಿ ಕೂರುತ್ತಾನೆ. ತೊಗರಿಬೇಳೆ ತೂಗಿ, ಪೊಟ್ಟಣ ಕಟ್ಟಿ, ದಾರ ಸುತ್ತುವುದರಲ್ಲಿ ಪಕ್ಕಾ. ಗಿರಾಕಿ ‘ಭೇಷ್ ತಮ್ಮಾ’ ಅಂದರೆ ಮುಖದಲ್ಲಿ ಏನೂ ಇಲ್ಲ. ಮರುದಿನ ಮತ್ತೆ ಎಬ್ಬಿಸಿ ಕಳಿಸಬೇಕು. ಗದರಿದ್ದು ಮಾತ್ರ ವಾರಗಟ್ಟಲೆ ನೆನಪು! ಮಾವ ಸೊಕ್ಕು ಅಂತಾರೆ. ಹೌದಾ?

ಓದುಗ:
ಸೊಕ್ಕಲ್ಲ ಅಕ್ಕಾ. ಅಂದುಕೊಂಡದ್ದಕ್ಕಿಂತ ಒಳ್ಳೆಯದಾದಾಗ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ‘ಇದನ್ನೇ ಮತ್ತೆ ಮಾಡು’ ಅಂತ ಗುರುತು ಹಾಕುತ್ತದೆ. ಈ ಕಾಯಿಲೆಯಲ್ಲಿ, ಅದರಲ್ಲೂ ಹುರುಪು ಕುಂದಿದವರಲ್ಲಿ, ಆ ಗುರುತು ಮಸುಕು. ಆ ಗಳಿಗೆಯ ಖುಷಿ ಬಹುತೇಕ ಇರುತ್ತದೆ, ನಾಳೆಗೆ ಅದು ಉಳಿಯುವುದು ಕಷ್ಟ. ನಷ್ಟದಿಂದ ಕಲಿಯುವುದು ಅಷ್ಟಾಗಿ ಕೆಡುವುದಿಲ್ಲ. ಇನ್ನು ಎದುರಿನವರ ನಗುಮುಖ ಓದುವುದೇ ಹಲವರಿಗೆ ತೊಡಕು.

ಬೀದರಿನ ತಂದೆ:
ಮಗನಿಗೆ ನಾನು ಸುಮ್ನೆ ‘ಜಾಣ’ ಅನ್ನುವುದಿಲ್ಲ. ‘ಲೆಕ್ಕ ಸರಿ ಬರೆದೆ, ನಡಿ ಚಹಾ ಕುಡಿಯೋಣ’ ಅಂತೇನೆ, ಅಲ್ಲೇ, ಆಗಲೇ. ಮಾನಸಿಕ ಆಸ್ಪತ್ರೆಗಳಲ್ಲಿ ಒಳ್ಳೆ ಕೆಲಸ ಮಾಡಿದ ಕೂಡಲೇ ಟೋಕನ್ ಕೊಟ್ಟು, ಆಮೇಲೆ ಅದಕ್ಕೆ ಇಷ್ಟದ್ದೇನಾದರೂ ಕೊಡುವ ಪದ್ಧತಿ 1960ರ ದಶಕದಿಂದಲೇ ಇದೆಯಲ್ವಾ, ಅದೇ ದಾರಿ. ಮನೆಯವರ ಟೀಕೆ ಜಾಸ್ತಿಯಾದರೆ ಕಾಯಿಲೆ ಮರುಕಳಿಸುವುದೂ ಜಾಸ್ತಿ, ಮಾವನಿಗೆ ಮೊದಲು ಇದನ್ನು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಕಲಬುರಗಿ ಅಕ್ಕ:
ಚಹಾ ಓಕೆ. ಮಾವನ ಬಾಯಿ ಮುಚ್ಚಿಸುವುದೇ ಕಷ್ಟ.