ತಳದಲ್ಲಿ "ಮ್ದಿನಾ" ಅಂತ ಗೀಚಿದೆ, ಇದು ಮೈಕೆಲ್ ಹ್ಯಾರಿಸ್ ಕೈಯದೇನಾ?

ಕಾವೇರಿ_ಸೌತಾಂಪ್ಟನ್:
ನಮಸ್ಕಾರ. ಹಳೇ ಗಾಜು ಸಂಗ್ರಹಿಸೋರು ಇಲ್ಲಿದ್ದೀರಂತ ಕೇಳ್ತಿದ್ದೀನಿ. ನಮ್ಮ ಮನೆ ಹತ್ತಿರದ ಚಾರಿಟಿ ಶಾಪಲ್ಲಿ ಎರಡು ಸಾಮಾನು ಸೇರಿ 8 ಪೌಂಡಿಗೆ ಸಿಕ್ಕಿತು.

ಮೊದಲನೆಯದು ಹೂದಾನಿ, ಗೇಣಿಗಿಂತ ಸ್ವಲ್ಪ ಎತ್ತರ, ಎತ್ತಿದರೆ ಕೈ ಜಗ್ಗುತ್ತೆ. ಕೆಳಗೆ ನೀಲಿ-ಹಸಿರು, ಕತ್ತಿನ ಹತ್ತಿರ ಮರಳಿನ ಬಣ್ಣದ ಸುಳಿ. ತಳದಲ್ಲಿ ಇಂಗ್ಲಿಷ್ ಕೂಡುಬರಹದಲ್ಲಿ "ಮ್ದಿನಾ" ಅಂತ ಗೀಚಿದೆ, ಇಸವಿ ಇಲ್ಲ. ಅಂಗಡಿಯವರ ಚೀಟಿಯಲ್ಲಿ "ಮೈಕೆಲ್ ಹ್ಯಾರಿಸ್, 1970" ಅಂತಿತ್ತು. ಎರಡನೆಯದು ಪುಟ್ಟ ನೀಲಿ ಸೀಸೆ. ಹೆಸರೇ ಇಲ್ಲ, ತಳದಲ್ಲಿ ನಾಣ್ಯದಷ್ಟಗಲ ಒತ್ತಿದ ಅಚ್ಚು ಮಾತ್ರ. ಅದರೊಳಗೆ ದೀಪದ ಕುಡಿ ಥರ ಏನೋ ಕಾಣುತ್ತೆ.

ಅತ್ತೆ "ಅಷ್ಟು ದುಡ್ಡು ಕೊಟ್ಟು ಗಾಜಿನ ಚೆಂಬು ತಂದ್ಯಾ" ಅಂತಿದ್ದಾರೆ. ಅವರಿಗೊಂದು ಉತ್ತರ ಬೇಕು!

ಗಾಜುಗಣ್ಣ:
ಅತ್ತೆಯವರಿಗೆ ಹೇಳಿ, 8 ಪೌಂಡಿಗೆ ಲಾಭವೇ ಆಗಿದೆ. ಆದರೆ ಅಂಗಡಿ ಚೀಟಿಯನ್ನು ನಂಬಬೇಡಿ.

ಹ್ಯಾರಿಸ್ ಗಾಜಿನ ಕಲಾವಿದ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪಾಠ ಮಾಡ್ತಿದ್ದವರು. 1962ರಲ್ಲಿ ಅಮೆರಿಕದ ಟೊಲೀಡೊ ಮ್ಯೂಸಿಯಂ ಆವರಣದ ಒಂದು ಗ್ಯಾರೇಜಲ್ಲಿ ಕಲಾವಿದ ಹಾರ್ವೆ ಲಿಟಲ್‌ಟನ್ ಪುಟ್ಟ ಕುಲುಮೆ ಹೂಡಿದ್ದರು. ಅವರ ಮೊದಲ ಮಿಶ್ರಣ ಸರಿಯಾಗಿ ಕರಗಲೇ ಇಲ್ಲ. ಗಾಜಿನ ತಂತ್ರಜ್ಞ ಡಾಮಿನಿಕ್ ಲಬಿನೊ ಗಾಜಿನ ಗೋಲಿಗಳನ್ನು ಕರಗಿಸೋಣ ಅಂದ ಮೇಲೆ ಕೆಲಸ ಸಾಗಿತು. ದೊಡ್ಡ ಕಾರ್ಖಾನೆಯ ಹಂಗಿಲ್ಲದೆ ಒಬ್ಬನೇ ಕಲಾವಿದ ಗಾಜು ಊದಬಹುದು ಅನ್ನೋದು ಅಲ್ಲಿ ಗಟ್ಟಿಯಾಯಿತು. ಲಿಟಲ್‌ಟನ್ ಶಿಷ್ಯ ಸ್ಯಾಮ್ ಹರ್ಮನ್ ಆ ವಿದ್ಯೆಯನ್ನು ಬ್ರಿಟನ್ನಿಗೆ ತಂದರು. ಹ್ಯಾರಿಸ್ ಅದನ್ನು ಹಿಡಿದುಕೊಂಡು 1968ರಲ್ಲಿ ಎರಿಕ್ ಡಾಬ್ಸನ್ ಜೊತೆ ಮಾಲ್ಟಾ ದ್ವೀಪದಲ್ಲಿ ಮ್ದಿನಾ ಗ್ಲಾಸ್ ಅನ್ನೋ ಗಾಜಿನ ಕಾರ್ಯಾಗಾರ ಶುರು ಮಾಡಿದರು, 1972ರಲ್ಲಿ ಬಿಟ್ಟೂ ಬಂದರು. ಮ್ದಿನಾ ಇವತ್ತಿಗೂ ನಡೀತಿದೆ. ಅಂದಮೇಲೆ ಮಾರುಕಟ್ಟೆಯಲ್ಲಿರೋ ಬಹುಪಾಲು ಮ್ದಿನಾ ಅವರು ಹೋದ ಮೇಲಿನದು. ಬಣ್ಣ ಅವರು ಹಾಕಿಕೊಟ್ಟದ್ದೇ: ಸಮುದ್ರ, ಮರಳು. ಆದರೆ ಊದಿದ ಕೈ ಬೇರೆ. ಅವರೇ ಸಹಿ ಹಾಕಿದ ತುಂಡುಗಳಲ್ಲಿ ಅವರ ಪೂರ್ತಿ ಹೆಸರು ಇರುತ್ತೆ, ಅವು ತೀರಾ ಕಡಿಮೆ. ಬರೀ "ಮ್ದಿನಾ" ಅಂತಿದ್ರೆ ಅದು ಕಾರ್ಯಾಗಾರದ ಹೆಸರು ಅಷ್ಟೇ. ಪೂರ್ತಿ ಹೆಸರಿದ್ದರೂ ಗೀಚಲು ಒಂದು ಮೊನೆ ಸಾಕು ಅನ್ನೋದನ್ನು ಮರೀಬೇಡಿ.

ಸಹಿಗಿಂತ ಮೊದಲು ತಳದ ಸವೆತ ನೋಡಿ. ಮೇಜಿನ ಮೇಲೆ ವರ್ಷಗಟ್ಟಲೆ ಸರಿದಾಡಿದ ಗಾಜಿಗೆ ನೆಲ ತಾಗುವ ಅಂಚಿನಲ್ಲಿ ಮಾತ್ರ ಸಣ್ಣ ಗೀರುಗಳಿರುತ್ತವೆ, ಅದೂ ಅಡ್ಡಾದಿಡ್ಡಿ. ಎಲ್ಲಾ ಗೀರು ಒಂದೇ ದಿಕ್ಕಿಗಿದ್ದರೆ, ಅಥವಾ ನೆಲ ಮುಟ್ಟದ ತಗ್ಗಿನಲ್ಲೂ ಇದ್ದರೆ, ಯಾರೋ ಮರಳು ಕಾಗದ ಉಜ್ಜಿ ವಯಸ್ಸು ತರಿಸಿದ್ದಾರೆ ಅಂತಲೇ ಲೆಕ್ಕ. ಭೂತಗನ್ನಡಿ ಇಟ್ಟು ಹೆಸರಿನ ಗೆರೆಯನ್ನೂ ನೋಡಿ. ಹಳೇ ಸವೆತ ಅಕ್ಷರದ ಮೇಲೆ ಹಾದುಹೋಗಿರಬೇಕು. ಅಕ್ಷರವೇ ಸವೆತವನ್ನು ಕತ್ತರಿಸಿಕೊಂಡು ಹೋಗಿದ್ದರೆ ಹೆಸರು ಆಮೇಲೆ ಬಂದದ್ದು.

ನನಗೆ ಆಸೆ ಹುಟ್ಟಿಸಿದ್ದು ನಿಮ್ಮ ಸೀಸೆ. ಆ ದೀಪದ ಕುಡಿ ಅಂದ್ರಲ್ಲ, ಅದರ ಫೋಟೋ ಹಾಕಿ. ಬೆಳಕು ಓರೆಯಾಗಿ ಬೀಳಲಿ.

ಧಾರವಾಡ_ಬರ್ಮಿಂಗ್‌ಹ್ಯಾಮ್:
ಅಲ್ರೀ, ಇಷ್ಟೆಲ್ಲಾ ಯಾಕ? ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡದು ನೋಡ್ರಿ, ಹಸಿರ ಹೊಳದ್ರ ಹಳೇದು ಅಂತಾರಲ್ಲ? ನಮ್ಮ ಕಾರ್ ಬೂಟ್ ಸೇಲ್‌ನ್ಯಾಗ ಎಲ್ಲಾರ ಕೈಯಾಗೂ ಒಂದೊಂದು ಟಾರ್ಚ್ ಇರತದ.

ಗಾಜುಗಣ್ಣ:
ಧಾರವಾಡದವರೇ, ಕಣ್ಣು ಕುಕ್ಕುವ ಹಸಿರಾಗಿ ಹೊಳೆದರೆ ಅದರಲ್ಲಿ ಯುರೇನಿಯಂ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ. ಯುರೇನಿಯಂ ಗಾಜನ್ನು ಈಗಲೂ ಮಾಡ್ತಾರೆ. ಟಾರ್ಚು ವಯಸ್ಸನ್ನೂ ಹೇಳಲ್ಲ, ಮಾಡಿದವರ ಹೆಸರನ್ನೂ ಹೇಳಲ್ಲ. ಕತ್ತಲಲ್ಲಿ ನೋಡೋಕೆ ಚೆಂದ, ಅದನ್ನ ಒಪ್ತೀನಿ.

ಕಾವೇರಿ_ಸೌತಾಂಪ್ಟನ್:
ಫೋಟೋ ಹಾಕಿದ್ದೀನಿ. ಹೂದಾನಿಯ ಅಂಚಲ್ಲಿ ಗೀರುಗಳು ಅಡ್ಡಾದಿಡ್ಡಿಯಾಗೇ ಇವೆ, ಹೆಸರಿನ ಮೇಲೂ ಹಾದಿವೆ. ಮತ್ತೆ, ಪಾಂಟಿಲ್ ಅಂದ್ರೆ ಏನು? ಎಲ್ಲಾ ಕಡೆ ಆ ಪದ ಬರುತ್ತೆ.

ಗಾಜುಗಣ್ಣ:
ಹೂದಾನಿ ಹಾಗಾದರೆ ನಿಜವಾದ ಹಳೇ ಮ್ದಿನಾ. ಹ್ಯಾರಿಸ್ ಹೆಸರು ಮಾತ್ರ ಬಿಟ್ಟುಬಿಡಿ.

ಗಾಜನ್ನು ಊದುಗೊಳವೆಯಿಂದ ಬಿಡಿಸಿ ಬಾಯಿ ತಿದ್ದೋಕೆ ಇನ್ನೊಂದು ಕಡೆ ಹಿಡಿತ ಬೇಕಲ್ಲ? ತಳಕ್ಕೆ ಒಂದು ಕಬ್ಬಿಣದ ಸರಳನ್ನು ಬಿಸಿ ಗಾಜಿನಿಂದ ಅಂಟಿಸ್ತಾರೆ. ಅದೇ ಪಾಂಟಿಲ್. ಕೊನೆಗೆ ತಟ್ಟಿ ಮುರಿದಾಗ ಉಳಿಯುವ ಗಾಯಕ್ಕೂ ಅದೇ ಹೆಸರು. ಕೆಲವರು ಉಜ್ಜಿ ನುಣುಪು ಮಾಡ್ತಾರೆ, ಕೆಲವರು ಹಾಗೇ ಬಿಡ್ತಾರೆ, ಕೆಲವರು ಆ ಗಾಯದ ಮೇಲೆ ಬಿಸಿ ಗಾಜಿನ ಬೊಟ್ಟಿಟ್ಟು ಮುದ್ರೆ ಒತ್ತುತ್ತಾರೆ.

ನಿಮ್ಮ ಸೀಸೆಯದು ಆ ಮುದ್ರೆ. ಮಾಲ್ಟಾ ಬಿಟ್ಟ ಹ್ಯಾರಿಸ್ ನಿಮ್ಮೂರಿನ ಎದುರಿಗಿರೋ ಐಲ್ ಆಫ್ ವೈಟ್ ದ್ವೀಪದ ಸೇಂಟ್ ಲಾರೆನ್ಸ್‌ನಲ್ಲಿ 1973ರಲ್ಲಿ ಹೊಸ ಸ್ಟುಡಿಯೋ ತೆರೆದರು. ಅಲ್ಲಿನ ಆರಂಭದ ವರ್ಷಗಳ ತುಂಡುಗಳ ತಳದಲ್ಲಿ ಈ ಜ್ವಾಲೆಯ ಮುದ್ರೆ ಇರುತ್ತೆ. ಗೀಚಿದ ಹೆಸರಿಗಿಂತ ಇದನ್ನು ನಂಬಬಹುದು, ಗಾಜು ಬಿಸಿ ಇದ್ದಾಗಲೇ ಬಿದ್ದದ್ದು ತಾನೇ. ಅವರೇ ಊದಿದ್ದು ಅಂತ ಇದರಿಂದಲೂ ಹೇಳೋಕಾಗಲ್ಲ, ಆದರೆ ಅವರು ನಡೆಸುತ್ತಿದ್ದ ಸ್ಟುಡಿಯೋದ್ದು ಅನ್ನೋದಕ್ಕೆ ಅನುಮಾನ ಇಲ್ಲ. ಹೆಸರಿಲ್ಲ ಅಂತ ಅಂಗಡಿಯವರು ಕಡೆಗಣಿಸಿದ್ದಾರೆ.

ಕಾವೇರಿ_ಸೌತಾಂಪ್ಟನ್:
ಅಯ್ಯೋ, ನಾನು ಅದನ್ನ ಸ್ನಾನದ ಮನೆಯಲ್ಲಿ ಇಟ್ಟಿದ್ದೀನಿ! ಡಿಶ್‌ವಾಷರಿಗೆ ಹಾಕಬಹುದಾ?

ಗಾಜುಗಣ್ಣ:
ಬೇಡವೇ ಬೇಡ, ಮಬ್ಬು ಹಿಡಿದರೆ ಮತ್ತೆ ಹೋಗಲ್ಲ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ. ತಳದ ಮೂಲೆಯಲ್ಲಿ ಸುಣ್ಣ ಕಟ್ಟಿದ್ರೆ ಬಿಳಿ ವಿನೆಗರ್ ತುಂಬಿಸಿ ಒಂದು ರಾತ್ರಿ ಬಿಡಿ. ಮಾರೋ ಹಾಗಿದ್ರೆ ಮೊದಲು ನನಗೆ ಹೇಳಿ.

ಕಾವೇರಿ_ಸೌತಾಂಪ್ಟನ್:
ಮಾರಲ್ಲ. ಅತ್ತೆ ಆಗಲೇ ಅದಕ್ಕೆ ಮನಿ ಪ್ಲಾಂಟ್ ಹಾಕಿಬಿಟ್ಟಿದ್ದಾರೆ.