ಮರು: ಉಪಗ್ರಹ ನಕಾಶೆಯ ‘ಫ್ಯಾಲೋ’ಗೆ ಕನ್ನಡದಲ್ಲಿ ಏನು?

ಗೆಳೆಯರೇ,

ಉಪಗ್ರಹ ನಕಾಶೆಯಲ್ಲಿ ‘ಫ್ಯಾಲೋ’ (ಬೆಳೆ ಇಲ್ಲದೆ ಬಿಟ್ಟ ನೆಲ) ಅಂತ ತೋರಿಸಿದ ಹೊಲಕ್ಕೆ ಪಂಚಾಯ್ತಿಯ ಫಲಕದಲ್ಲಿ ಕನ್ನಡದ ಯಾವ ಪದ ಹಾಕಬೇಕು ಅಂತ ಕೇಳಿದ್ದೀರಿ; ಫಲಕ ನಾಡಿದ್ದೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ: ಒಂದು ಪದ ಸಾಲದು, ಎರಡು ಬೇಕು. ಮುಂಗಾರಿನಲ್ಲಿ ಖಾಲಿ ಇದ್ದು ಹಿಂಗಾರಿಗೆ ಬಿತ್ತುವುದು ‘ಹಿಂಗಾರಿ ಹೊಲ’. ವರ್ಷಪೂರ್ತಿ ಬಿತ್ತದೆ ಬಿಟ್ಟದ್ದು ‘ಬೀಳು’.

ಮೊದಲು ಬರೆದವರು ಹೇಳಿದ ‘ಪಾಳುಭೂಮಿ’ ಬೇಡವೇ ಬೇಡ. ರೋಣ, ನವಲಗುಂದದ ಕಡೆ ಎರಿ (ಕಪ್ಪು ಮಣ್ಣಿನ) ಹೊಲವನ್ನು ಆಗಸ್ಟಿನಲ್ಲಿ ನೋಡಿ. ಎಷ್ಟೋ ಹೊಲಗಳಲ್ಲಿ ಬೆಳೆ ಇರುವುದಿಲ್ಲ, ಆದರೆ ಒಕ್ಕಲಿಗ ಸುಮ್ನೆ ಕೂತಿರುವುದಿಲ್ಲ. ಮಳೆ ಹೊಳವಾಗಿ ನೆಲ ಆರಿದ ಕೂಡಲೇ ಕುಂಟೆ ಹೊಡೆದು ಹರಗುತ್ತಾನೆ (ಮೇಲ್ಮಣ್ಣು ಸಡಿಲ ಮಾಡುತ್ತಾನೆ). ಕಳೆ ಸಾಯುತ್ತದೆ, ಒಳಗಿನ ಹಸಿ ಉಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅದೇ ಹಸಿ ನಂಬಿ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುತ್ತಾರೆ. ಅಂಥ ಹೊಲಕ್ಕೆ ‘ಪಾಳು’ ಅಂತ ಊರ ಗೋಡೆಯ ಮೇಲೆ ಬರೆಯುವುದು ತಪ್ಪು ಅಲ್ವಾ? ಸರ್ಕಾರಿ ಲೆಕ್ಕದಲ್ಲೂ ವರ್ಷಕ್ಕೆ ಒಂದು ಸಲ ಬಿತ್ತಿದರೆ ಅದು ಬಿತ್ತನೆ ಪ್ರದೇಶವೇ. ಆ ವರ್ಷ ಬಿತ್ತದಿದ್ದರೆ ಚಾಲ್ತಿ ಬೀಳು, ಒಂದು ವರ್ಷ ದಾಟಿ 5 ವರ್ಷದವರೆಗೆ ಹಾಗೇ ಉಳಿದರೆ ಇತರೆ ಬೀಳು.

ಉಪಗ್ರಹಕ್ಕೆ ಈ ವ್ಯತ್ಯಾಸ ಒಂದೇ ಚಿತ್ರದಲ್ಲಿ ಕಾಣದು. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ 10 ಮೀಟರಿನಷ್ಟು ಸೂಕ್ಷ್ಮವಾಗಿ ಹೊಲ ಕಾಣುತ್ತದೆ ನಿಜ, ಆದರೆ ಹರಗಿದ ಎರಿಯೂ ಬರಿ ನೆಲ, ಈಗಷ್ಟೇ ಬಿಟ್ಟ ಬೀಳೂ ಬರಿ ನೆಲ. ಡಿಸೆಂಬರಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ಹಸಿರು ಬೆಳೆಯನ್ನು ಕೆಂಪಾಗಿ ತೋರಿಸುವ ಕೃತಕ ಬಣ್ಣದ ಚಿತ್ರದಲ್ಲಿ ಅಷ್ಟೊತ್ತಿಗೆ ಕಡಲೆ ಹೊಲ ಕೆಂಪಾಗಿರುತ್ತದೆ.

ಇನ್ನು ಬೀಳಿಗೆ ಇರುವ ಇನ್ನೊಂದು ಹೆಸರು ‘ಪಡ’; ‘ಅದು ಮರಾಠಿ ಪದ, ತೆಗೆದುಹಾಕಿ’ ಎಂದವರಿಗೆ ಒಂದು ಮಾತು. ‘ಹೊಲ ಪಡ ಬಿದ್ದೈತಿ’ ಅನ್ನುವುದು ನಮ್ಮ ಕಡೆಯ ಮಾತು. ಮರಾಠಿಯ ‘ಪಡಣೆ’ ಅಂದರೆ ಬೀಳುವುದು, ನಮ್ಮ ‘ಬೀಳು’ ಕೂಡ ಅದೇ. ಹಳಗನ್ನಡದ ‘ಪಡು’ವಿಗೂ ಮಲಗು, ಮುಳುಗು ಎಂಬ ಅರ್ಥವಿದೆ; ಸೂರ್ಯ ಮುಳುಗುವ ದಿಕ್ಕು ಪಡುವಣ. ಹೊರಗಿನದು ಅಂತ ಕಿತ್ತುಹಾಕುವುದಾದರೆ ಪಹಣಿ, ಖುಷ್ಕಿ (ಒಣಭೂಮಿ), ತರಿ (ಗದ್ದೆ), ಬಾಗಾಯ್ತು (ತೋಟ) ಎಲ್ಲವನ್ನೂ ಕೀಳಬೇಕು. ಆಮೇಲೆ ಜಮೀನಿನ ದಾಖಲೆಯಾದ ಉತಾರದಲ್ಲಿ ಓದಲು ಏನು ಉಳಿಯುತ್ತದೆ? ಇನ್ನೊಬ್ಬರು ಸೂಚಿಸಿದ ‘ಅಕೃಷ್ಟ ಭೂಮಿ’ (ಉಳದ ಭೂಮಿ) ಅಚ್ಚ ಕನ್ನಡವೂ ಅಲ್ಲ, ಯಾರ ಬಾಯಲ್ಲೂ ಇಲ್ಲ. ಅದರ ಚರ್ಚೆ ನನಗೆ ಸಾಕು.

ಫಲಕದಲ್ಲಿ ‘ಹಿಂಗಾರಿ ಹೊಲ’, ‘ಬೀಳು (ಪಡ)’ ಅಂತಲೇ ಹಾಕಿಸಿ. ಕೆಳಗೆ ಯಾವ ತಿಂಗಳ ಚಿತ್ರ ಅನ್ನುವುದನ್ನೂ ದಪ್ಪ ಅಕ್ಷರದಲ್ಲಿ ಬರೆಸಿ.